ಹೊಸ ಪ್ರೋಗ್ರಾಮರ್ ಮೊದಲು ಕಲಿಯಬೇಕಾದದ್ದು ಯಾವುದು?

ಪ್ರಶ್ನೆ: ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಐದು ತಿಂಗಳಿಂದ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೇನೆ. ನಮ್ಮ ತಂಡದ ಹಿರಿಯರೊಬ್ಬರು ಕೋಡ್ ಬರೆಯಲು ಬಳಸುವ ವಿಮ್ ಎಡಿಟರ್ ಬಾರದವರನ್ನು ಪ್ರೋಗ್ರಾಮರ್ ಎಂದೇ ಒಪ್ಪುವುದಿಲ್ಲ. ಇನ್ನೊಬ್ಬರು, ಕೋಡಿನ ನಡುವೆ ಪ್ರಿಂಟ್ ಸಾಲು ಹಾಕಿ ಬಗ್ (ದೋಷ) ಹುಡುಕುವುದು ಶಿಸ್ತಲ್ಲ, ಪ್ರೋಗ್ರಾಮನ್ನು ತಡೆದು ಒಳಗೆ ನೋಡುವ ಡೀಬಗರ್ ಬಳಸಬೇಕು ಎನ್ನುತ್ತಾರೆ. ಮತ್ತೊಬ್ಬರ ಪ್ರಕಾರ ಟೆಸ್ಟ್ (ಕೋಡನ್ನು ಪರೀಕ್ಷಿಸುವ ಕೋಡ್) ಬರೆಯದೆ ಒಂದು ಸಾಲು ಕೋಡನ್ನೂ ಬರೆಯಬಾರದು. ಸಾಲಿನ ಆರಂಭದಲ್ಲಿ ಜಾಗ ಬಿಡಲು ಟ್ಯಾಬ್ ಬೇಕೋ ಸ್ಪೇಸ್ ಬೇಕೋ ಎಂಬ ಚರ್ಚೆ ವಾರಕ್ಕೊಮ್ಮೆಯಾದರೂ ನಡೆಯುತ್ತದೆ. ಎಐ ಸಹಾಯಕವನ್ನು ನಾನು ಬಳಸಬಹುದೇ, ಕೋಡಿನ ನಡುವಿನ ವಿವರಣೆಗಳಾದ ಕಾಮೆಂಟುಗಳನ್ನು ಕನ್ನಡದಲ್ಲಿ ಬರೆದರೆ ತಪ್ಪೇ ಎಂಬ ಸಂದೇಹಗಳೂ ಇವೆ. ಇವುಗಳಲ್ಲಿ ಯಾವುದನ್ನು ಮೊದಲು ಕಲಿಯಲಿ, ಯಾರ ಮಾತನ್ನು ಹಿಡಿಯಲಿ?

ಉತ್ತರ: ನಿಮ್ಮ ಹಿರಿಯರು ಮೂವರೂ ಸುಮ್ಮನೆ ಮಾತನಾಡುತ್ತಿಲ್ಲ. ಒಂದೊಂದು ಅಭಿಪ್ರಾಯದ ಹಿಂದೆಯೂ ಅವರು ಎಂದೋ ಅನುಭವಿಸಿದ ಒಂದು ತೊಂದರೆ ಇರುತ್ತದೆ, ಆ ತೊಂದರೆ ಏನೆಂದು ಕೇಳಿ ತಿಳಿದುಕೊಂಡರೆ ಅಭಿಪ್ರಾಯಕ್ಕಿಂತ ಹೆಚ್ಚು ಕಲಿಯುತ್ತೀರಿ. ಆದರೆ ಎಲ್ಲವನ್ನೂ ಒಟ್ಟಿಗೆ ಕಲಿಯಲು ಆಗುವುದಿಲ್ಲವಾದ್ದರಿಂದ ಆಯ್ಕೆಗೆ ಒಂದು ಅಳತೆಗೋಲು ಬೇಕು. ನಾನು ಬಳಸುವ ಅಳತೆಗೋಲು ಇದು: ಆರು ತಿಂಗಳ ನಂತರ ಈ ಕೋಡ್ ಕೆಟ್ಟು ನಿಂತಾಗ ಅದರ ಮುಂದೆ ಕುಳಿತವರಿಗೆ, ಹೀಗೇಕೆ ಬರೆದಿದ್ದಾರೆ ಎಂಬುದು ಸಿಗಲು ಈ ಉಪಕರಣ ಅಥವಾ ಈ ಅಭ್ಯಾಸ ನೆರವಾಗುತ್ತದೆಯೇ? ಹೀಗೆ ಅಳೆದರೆ ನೀವು ಹೆಸರಿಸದೇ ಬಿಟ್ಟಿರುವ, ಕೋಡಿನ ಬದಲಾವಣೆಗಳ ಇತಿಹಾಸವನ್ನು ಇಡುವ ಉಪಕರಣವಾದ ಗಿಟ್ ಮೊದಲ ಸ್ಥಾನಕ್ಕೆ ಬರುತ್ತದೆ, ಗಿಟ್‌ನಲ್ಲಿಯೂ ಎಲ್ಲರೂ ಅವಸರದಲ್ಲಿ ದಾಟಿಹೋಗುವ ಕಮಿಟ್ ಸಂದೇಶ (ದಾಖಲಿಸಿದ ಒಂದೊಂದು ಬದಲಾವಣೆಯ, ಅಂದರೆ ಕಮಿಟ್ಟಿನ, ಜೊತೆ ಬರೆಯುವ ಟಿಪ್ಪಣಿ) ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ. ಹೊಸಬರಲ್ಲಿ ಹೆಚ್ಚಿನವರು ಗಿಟ್ ಎಂದರೆ ಆಡ್, ಕಮಿಟ್, ಪುಶ್ ಎಂಬ ಮೂರು ಆಜ್ಞೆಗಳೆಂದು ತಿಳಿದು ಅಲ್ಲಿಗೇ ನಿಲ್ಲಿಸುತ್ತಾರೆ. ಇದನ್ನು ಇಷ್ಟು ಒತ್ತಿ ಹೇಳಲು ನನ್ನ ಅನುಭವದ ಒಂದು ಪ್ರಸಂಗ ಕಾರಣ.

ಎಸ್‌ಎಂಎಸ್ ಮಾದರಿಗಳನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಮುಂಚಿತವಾಗಿ ನೋಂದಾಯಿಸುವ ಪದ್ಧತಿ ಜಾರಿಗೆ ಬರುವುದಕ್ಕೂ ಮೊದಲು, ಹಾಲು ಉತ್ಪಾದಕರ ಸಹಕಾರ ಸಂಘಗಳು ಬಳಸುತ್ತಿದ್ದ ಒಂದು ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆಯೂ ಸಂಜೆಯೂ ಹಾಲು ಹಾಕಿದ ಪ್ರತಿ ಸದಸ್ಯರ ಫೋನಿಗೆ ದಿನಾಂಕ, ಹಾಲಿನ ಅಳತೆ, ಫ್ಯಾಟ್ ಮತ್ತು ಮೊತ್ತವನ್ನು ಕನ್ನಡದಲ್ಲಿ ಕಳುಹಿಸುವುದು ಅದರ ಕೆಲಸಗಳಲ್ಲೊಂದು. ಒಂದು ತಿಂಗಳು ಎಸ್‌ಎಂಎಸ್ ಬಿಲ್ಲು ಇದ್ದಕ್ಕಿದ್ದಂತೆ ಹೆಚ್ಚುಕಡಿಮೆ ಎರಡರಷ್ಟಾಯಿತು. ಸದಸ್ಯರ ಸಂಖ್ಯೆ ಏರಿರಲಿಲ್ಲ, ದರವೂ ಬದಲಾಗಿರಲಿಲ್ಲ, ಯಾರಿಗೂ ಸಂದೇಶ ಎರಡು ಬಾರಿ ಬಂದಿರಲಿಲ್ಲ. ಹಿಂದಿನ ತಿಂಗಳ ಆವೃತ್ತಿಗೂ ಆಗಿನ ಆವೃತ್ತಿಗೂ ನಡುವೆ ಸುಮಾರು 200 ಕಮಿಟ್‌ಗಳಿದ್ದವು. ಅವನ್ನು ಒಂದೊಂದಾಗಿ ಓದುವ ಬದಲು ಗಿಟ್ ಬೈಸೆಕ್ಟ್ ಬಳಸಿದೆ. ಸರಿಯಿದ್ದ ಒಂದು ಆವೃತ್ತಿಯನ್ನೂ ಕೆಟ್ಟಿರುವ ಒಂದು ಆವೃತ್ತಿಯನ್ನೂ ತೋರಿಸಿದರೆ ಅದು ನಡುಮಧ್ಯದ ಕಮಿಟ್ಟನ್ನು ಎತ್ತಿ ಮುಂದಿಡುತ್ತದೆ, ಅದು ಸರಿಯೋ ಕೆಟ್ಟದ್ದೋ ಎಂದು ಹೇಳಿದರೆ ಉಳಿದ ಅರ್ಧದ ಮಧ್ಯಕ್ಕೆ ಹೋಗುತ್ತದೆ. ಹೀಗೆ 200 ಕಮಿಟ್‌ಗಳಲ್ಲಿ ತಪ್ಪಿತಸ್ಥ ಕಮಿಟ್ ಸಿಗಲು ಹೆಚ್ಚೆಂದರೆ ಎಂಟು ಹೆಜ್ಜೆ ಸಾಕು.

ಸಿಕ್ಕ ಬದಲಾವಣೆ ಒಂದೇ ಸಾಲಿನದು. ಸಂದೇಶದ ಮಾದರಿಯಲ್ಲಿದ್ದ ‘ಲೀ.’ ಎಂಬುದನ್ನು ಹೊಸದಾಗಿ ಸೇರಿದ್ದ ಸಹೋದ್ಯೋಗಿಯೊಬ್ಬರು ‘ಲೀಟರ್’ ಎಂದು ಪೂರ್ತಿ ಬರೆದಿದ್ದರು. ಓದುವ ರೈತರಿಗೆ ಸ್ಪಷ್ಟವಾಗಲಿ ಎಂಬುದು ಅವರ ಉದ್ದೇಶ, ಅದು ಒಳ್ಳೆಯ ಉದ್ದೇಶವೇ. ಆದರೆ ಒಂದು ಎಸ್‌ಎಂಎಸ್‌ನಲ್ಲಿ ಹಿಡಿಯುವುದು 140 ಬೈಟ್. ಇಂಗ್ಲಿಷ್ ಅಕ್ಷರಗಳನ್ನು ತಲಾ 7 ಬಿಟ್‌ನಂತೆ ತುಂಬಿದರೆ ಅಷ್ಟರಲ್ಲಿ 160 ಹಿಡಿಯುತ್ತವೆ, ಕನ್ನಡದ ಒಂದೊಂದು ಸಂಕೇತಕ್ಕೂ ಎರಡೆರಡು ಬೈಟ್ ಬೇಕಾದ್ದರಿಂದ 70 ಮಾತ್ರ ಹಿಡಿಯುತ್ತವೆ. ಇಲ್ಲಿ ಲೆಕ್ಕಕ್ಕೆ ಬರುವುದು ಕಣ್ಣಿಗೆ ಕಾಣುವ ಅಕ್ಷರವೂ ಅಲ್ಲ, ಯುನಿಕೋಡ್ ಸಂಕೇತ, ಅಂದರೆ ಲಿಪಿಯ ಒಂದೊಂದು ಗುರುತಿಗೂ ಕಂಪ್ಯೂಟರಿಗಾಗಿ ಕೊಟ್ಟಿರುವ ಸಂಖ್ಯೆ. ‘ಕನ್ನಡ’ ಎಂಬುದು ಓದುವ ನಮಗೆ ಮೂರಕ್ಷರದ ಪದ, ಕಂಪ್ಯೂಟರಿಗೆ ಅದು ಕ, ನ, ಒತ್ತಕ್ಷರ ಕೂಡಿಸುವ ವಿರಾಮ, ಮತ್ತೊಂದು ನ, ಡ ಎಂದು ಐದು ಸಂಕೇತ. ‘ಲೀ.’ ಎಂದರೆ ಚುಕ್ಕಿಯೂ ಸೇರಿ ಮೂರು, ‘ಲೀಟರ್’ ಎಂದರೆ ಐದು. ಬಹುತೇಕ ಸದಸ್ಯರಿಗೆ ಹೋಗುತ್ತಿದ್ದ ಸಂದೇಶ 69 ಅಥವಾ 70 ಸಂಕೇತಗಳಲ್ಲಿ ಮುಗಿಯುತ್ತಿತ್ತು, ಎರಡು ಹೆಚ್ಚಿದ ಕೂಡಲೇ ಮಿತಿ ದಾಟಿತು. ಮಿತಿ ದಾಟಿದ ಸಂದೇಶ ಎರಡು ತುಂಡಾಗಿ ಹೋಗುತ್ತದೆ. ಫೋನು ಅವನ್ನು ಜೋಡಿಸಿ ಒಂದೇ ಸಂದೇಶದಂತೆ ತೋರಿಸುವುದರಿಂದ ಓದುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ, ಬಿಲ್ಲಿನಲ್ಲಿ ಮಾತ್ರ ಎರಡು ಎಂದು ಬರುತ್ತದೆ.

ಹಾಗಾದರೆ ಮೊದಲು ‘ಲೀ.’ ಎಂದು ಚಿಕ್ಕದಾಗಿ ಬರೆದವರು ಯಾರು ಎಂದು, ಆ ಬದಲಾವಣೆಗೆ ಹಿಂದಿನ ಆವೃತ್ತಿಯನ್ನು, ಪ್ರತಿ ಸಾಲನ್ನೂ ಕೊನೆಗೆ ಯಾರು ಬದಲಿಸಿದರೆಂದು ತೋರಿಸುವ ಗಿಟ್ ಬ್ಲೇಮ್‌ನಲ್ಲಿ ನೋಡಿದೆ. ನಾಲ್ಕು ವರ್ಷ ಹಿಂದಿನ ಆ ಕಮಿಟ್ ನನ್ನದೇ ಆಗಿತ್ತು, ಅದರ ಸಂದೇಶ ‘ಅಪ್‌ಡೇಟ್’ ಎಂಬ ಒಂದೇ ಪದ. ಅಂದು ನಾನು ಕುಳಿತು ಒಂದೊಂದು ಸಂಕೇತವನ್ನೂ ಎಣಿಸಿ, 70ರೊಳಗೆ ಹಿಡಿಸಲೆಂದೇ ಆ ಪದವನ್ನು ಮೊಟಕು ಮಾಡಿದ್ದೆ. ಆ ಕಾರಣವನ್ನು ಕೋಡಿನಲ್ಲಾಗಲೀ ಕಮಿಟ್‌ನಲ್ಲಾಗಲೀ ಬರೆದಿಡದ ಕಾರಣ ಹೊಸ ಸಹೋದ್ಯೋಗಿಗೆ ಅದು ಸೋಮಾರಿತನದ ಸಂಕ್ಷೇಪದಂತೆ ಕಂಡಿತು. ತಪ್ಪು ಅವರದ್ದಲ್ಲ, ನನ್ನದು. ಸಂಘಗಳು ತೆತ್ತ ಹಣವನ್ನು ನೆನೆದರೆ ನನಗೆ ಇಂದಿಗೂ ಬೇಸರವಾಗುತ್ತದೆ. ಅಂದು ಬರೆಯಬೇಕಾಗಿದ್ದ ಸಂದೇಶ ಹೀಗಿರಬಹುದಿತ್ತು. ಮೊದಲ ಸಾಲು: ‘ಎಸ್‌ಎಂಎಸ್ ಮಾದರಿಯಲ್ಲಿ ಲೀಟರ್ ಬದಲು ಲೀ.’ ಒಂದು ಖಾಲಿ ಸಾಲು ಬಿಟ್ಟು: ‘ಸಂದೇಶ 70 ಯುನಿಕೋಡ್ ಸಂಕೇತ ಮೀರಿದರೆ ಎರಡು ಎಸ್‌ಎಂಎಸ್ ಆಗಿ ಬಿಲ್ಲು ಬೀಳುತ್ತದೆ. ಈಗ ಹೆಚ್ಚೆಂದರೆ 70 ಇದೆ. ಪದ ಸೇರಿಸುವ ಮೊದಲು ಎಣಿಸಿ.’ ಬರೆಯಲು ಎರಡು ನಿಮಿಷವೂ ಬೇಕಾಗಿರಲಿಲ್ಲ. ಏನು ಬದಲಾಯಿತು ಎಂಬುದನ್ನು ಗಿಟ್ ತಾನೇ ತೋರಿಸುತ್ತದೆ, ಅದನ್ನೇ ಮತ್ತೆ ಬರೆಯುವ ಅಗತ್ಯವಿಲ್ಲ. ಏಕೆ ಬದಲಾಯಿತು ಎಂಬುದು ಬರೆದವರ ತಲೆಯಲ್ಲಿ ಮಾತ್ರ ಇರುತ್ತದೆ, ಅವರು ಕೆಲಸ ಬಿಟ್ಟರೆ ಅಥವಾ ನನ್ನಂತೆ ಮರೆತರೆ ಅದು ಎಲ್ಲಿಯೂ ಸಿಗುವುದಿಲ್ಲ.

ಗಿಟ್ ಹುಟ್ಟಿದ ಸಂದರ್ಭವನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಲಿನಕ್ಸ್ ಕರ್ನಲ್ (ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ತಿರುಳು) ಬರೆಯುವ ತಂಡವು ಕೋಡಿನ ಇತಿಹಾಸ ಇಡಲು ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಉಚಿತವಾಗಿ ಬಳಸುತ್ತಿತ್ತು. 2005ರಲ್ಲಿ ಆ ಉಚಿತ ಬಳಕೆಯ ಅವಕಾಶ ನಿಂತಾಗ, ಏಪ್ರಿಲ್ ತಿಂಗಳಲ್ಲಿ ಲಿನಕ್ಸ್ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ಕುಳಿತರು, ಕೆಲವೇ ದಿನಗಳಲ್ಲಿ ಗಿಟ್‌ನ ಕೋಡನ್ನು ಗಿಟ್‌ನಲ್ಲಿಯೇ ಇಡುವಷ್ಟು ಅದು ಸಿದ್ಧವಾಯಿತು. ಕರ್ನಲ್‌ಗೆ ಕೋಡ್ ಕೊಡುವವರು ಲೋಕದ ಮೂಲೆ ಮೂಲೆಯಲ್ಲಿದ್ದಾರೆ, ಬದಲಾವಣೆಗಳನ್ನು ಇಮೇಲ್‌ನಲ್ಲಿ ಕಳುಹಿಸುತ್ತಾರೆ, ಒಪ್ಪಿಕೊಳ್ಳುವವರಿಗೂ ಅವರಿಗೂ ಮುಖಪರಿಚಯವೇ ಇಲ್ಲದಿರಬಹುದು. ಈ ಬದಲಾವಣೆ ಏಕೆ ಬೇಕು ಎಂದು ಒಪ್ಪಿಸುವ ಕೆಲಸವನ್ನೆಲ್ಲ ಸಂದೇಶವೇ ಮಾಡಬೇಕು. ಆದ್ದರಿಂದಲೇ ಅಲ್ಲಿ ಒಂದೆರಡು ಸಾಲಿನ ತಿದ್ದುಪಡಿಗೆ ಹತ್ತು ಹದಿನೈದು ಸಾಲಿನ ವಿವರಣೆ ಇರುವುದನ್ನು ಕಾಣುತ್ತೀರಿ. ಬಿಡುವಾದಾಗ ಒಂದರ್ಧ ಗಂಟೆ ಅವನ್ನು ಓದಿ, ಸಂದೇಶ ಹೇಗಿರಬೇಕೆಂಬುದಕ್ಕೆ ಬೇರೆ ಪಾಠ ಬೇಕಾಗುವುದಿಲ್ಲ.

ಇದರ ಜೊತೆಗೇ ಬರಬೇಕಾದ ಅಭ್ಯಾಸವೆಂದರೆ ಕಮಿಟ್‌ಗಳನ್ನು ಚಿಕ್ಕದಾಗಿ ಇಡುವುದು. ದಿನವಿಡೀ ಮಾಡಿದ್ದನ್ನೆಲ್ಲ ಸಂಜೆ ಮನೆಗೆ ಹೊರಡುವಾಗ ಒಟ್ಟಿಗೆ ಕಮಿಟ್ ಮಾಡುವ ರೂಢಿ ನಮ್ಮಲ್ಲಿ ತೀರಾ ಸಾಮಾನ್ಯ. ಆ ಕಮಿಟ್‌ನಲ್ಲಿ ಒಂದು ಬಗ್ಗಿನ ತಿದ್ದುಪಡಿ, ಎರಡು ಹೆಸರುಗಳ ಬದಲಾವಣೆ, ಅರ್ಧ ಮುಗಿದ ಹೊಸ ಕೆಲಸ ಎಲ್ಲವೂ ಕಲಸಿಹೋಗಿರುತ್ತವೆ. ಅಂತಹ ಕಮಿಟ್ಟಿಗೆ ಒಳ್ಳೆಯ ಸಂದೇಶ ಬರೆಯಲೂ ಆಗುವುದಿಲ್ಲ, ಬೈಸೆಕ್ಟ್ ಅದನ್ನು ಹುಡುಕಿ ಕೊಟ್ಟರೂ ಒಳಗಿನ ನಾನೂರು ಸಾಲುಗಳಲ್ಲಿ ಮತ್ತೆ ನೀವೇ ಹುಡುಕಬೇಕಾಗುತ್ತದೆ. ಒಂದು ಕಮಿಟ್‌ನಲ್ಲಿ ಒಂದೇ ಕಾರಣ ಇರಲಿ, ಮತ್ತು ಪ್ರತಿ ಕಮಿಟ್‌ನ ಹಂತದಲ್ಲಿಯೂ ಪ್ರೋಗ್ರಾಮ್ ಓಡುವಂತಿರಲಿ. ನಿಮ್ಮ ಪುಲ್ ರಿಕ್ವೆಸ್ಟ್ (ಬದಲಾವಣೆಗಳನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಪರಿಶೀಲಿಸುವ ಹಿರಿಯರೂ ಇದರಿಂದ ನಿಜವಾಗಿ ಓದಿ ಅಭಿಪ್ರಾಯ ಹೇಳುತ್ತಾರೆ. ಸಾವಿರ ಸಾಲು ಮುಂದಿಟ್ಟರೆ ಕಣ್ಣಾಡಿಸಿ ಒಪ್ಪಿಗೆ ಕೊಟ್ಟುಬಿಡುತ್ತಾರೆ.

ಟ್ಯಾಬ್ ಮತ್ತು ಸ್ಪೇಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಚಿಕ್ಕದು: ಅದನ್ನು ಮನುಷ್ಯರು ನಿರ್ಧರಿಸುವ ಅಗತ್ಯವೇ ಇಲ್ಲ. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಫಾರ್ಮ್ಯಾಟರ್ (ಕೋಡಿನ ಜೋಡಣೆಯನ್ನು ತಾನೇ ಸರಿಪಡಿಸುವ ಉಪಕರಣ) ಟ್ಯಾಬ್ ಹಾಕುತ್ತದೆ, ಪೈಥಾನ್‌ನ ಶೈಲಿ ಮಾರ್ಗದರ್ಶಿ ನಾಲ್ಕು ಸ್ಪೇಸ್ ಎನ್ನುತ್ತದೆ, ಲಿನಕ್ಸ್ ಕರ್ನಲ್‌ನಲ್ಲಿ ಎಂಟು ಸ್ಥಾನದ ಟ್ಯಾಬ್ ನಡೆಯುತ್ತದೆ, ಮೂರರಿಂದಲೂ ಒಳ್ಳೆಯ ತಂತ್ರಾಂಶ ಬಂದಿದೆ. ನಿಮ್ಮ ಭಾಷೆಗೆ ಇರುವ ಫಾರ್ಮ್ಯಾಟರನ್ನು ಫೈಲ್ ಉಳಿಸುವಾಗಲೇ ಓಡುವಂತೆ ಹೊಂದಿಸಿ ಚರ್ಚೆಯನ್ನು ಮುಗಿಸಿಬಿಡಿ. ಇಂತಹ ನಿರ್ಧಾರಗಳು ಎಷ್ಟು ಆಕಸ್ಮಿಕವೆಂಬುದಕ್ಕೆ ಕೋಡಿನಿಂದ ಪ್ರೋಗ್ರಾಮ್ ಕಟ್ಟುವ ಮೇಕ್ ಎಂಬ ಹಳೆಯ ಉಪಕರಣ ಸಾಕ್ಷಿ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅದನ್ನು ಬರೆದಾಗ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಆರಂಭವಾಗಬೇಕೆಂದು ಇಟ್ಟರು. ಅದು ತೊಡಕೆಂದು ತಿಳಿಯುವ ಹೊತ್ತಿಗೆ ಸುಮಾರು ಹನ್ನೆರಡು ಜನ ಬಳಸತೊಡಗಿದ್ದರು, ಅವರಿಗೆ ತೊಂದರೆ ಕೊಡುವುದು ಬೇಡವೆಂದು ಹಾಗೆಯೇ ಬಿಟ್ಟರಂತೆ. ಆ ಟ್ಯಾಬ್ ಬದಲು ಸ್ಪೇಸ್ ಒತ್ತಿ ದೋಷ ಪಡೆಯುವವರು ಇಂದಿಗೂ ಇದ್ದಾರೆ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: ಹಳೆಯ ಕೋಡಿಗೆ ಫಾರ್ಮ್ಯಾಟರ್ ಓಡಿಸುವಾಗ ಅದೊಂದನ್ನೇ ಪ್ರತ್ಯೇಕ ಕಮಿಟ್ ಮಾಡಿ, ಫಾರ್ಮ್ಯಾಟರ್ ಮುಟ್ಟಿದ ಮೇಲೆ ಬ್ಲೇಮ್‌ನಲ್ಲಿ ಎಲ್ಲ ಸಾಲುಗಳೂ ನಿಮ್ಮ ಹೆಸರಿಗೆ ಬಂದು ಹಳೆಯ ಕಾರಣಗಳೆಲ್ಲ ಮುಚ್ಚಿಹೋಗುತ್ತವೆ. ಅಂತಹ ಕಮಿಟ್‌ಗಳನ್ನು ಅವು ಪ್ರತ್ಯೇಕವಾಗಿದ್ದರೆ ಲೆಕ್ಕಕ್ಕೆ ಹಿಡಿಯಬೇಡವೆಂದು ಬ್ಲೇಮ್‌ಗೆ ಒಂದು ಪಟ್ಟಿಯಲ್ಲಿ ತಿಳಿಸುವ ಸೌಲಭ್ಯ 2019ರ ಗಿಟ್ 2.23ರಿಂದ ಇದೆ.

ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿನ ಎಚ್ಚರಿಕೆಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2014ರ ಫೆಬ್ರುವರಿಯಲ್ಲಿ ಆಪಲ್ ತುರ್ತಾಗಿ ಬಿಡುಗಡೆ ಮಾಡಿದ ಒಂದು ತಿದ್ದುಪಡಿಯ ಹಿಂದೆ ಇದ್ದದ್ದು ಒಂದೇ ಸಾಲು. ಸುರಕ್ಷಿತ ಸಂಪರ್ಕವನ್ನು ಪರಿಶೀಲಿಸುವ ಕೋಡಿನಲ್ಲಿ ‘ಗೋಟು ಫೇಲ್’ (‘ಫೇಲ್’ ಎಂಬಲ್ಲಿಗೆ ಜಿಗಿ) ಎಂಬ ಸಾಲು ಒಂದರ ಕೆಳಗೊಂದು ಎರಡು ಬಾರಿ ಬಂದಿತ್ತು. ಎರಡನೆಯದು ಕಣ್ಣಿಗೆ ‘ಇಫ್’ ಎಂಬ ಷರತ್ತಿನ ಅಡಿಯಲ್ಲಿಯೇ ಇರುವಂತೆ ಕಾಣುತ್ತಿತ್ತು, ಆವರಣ ಚಿಹ್ನೆ ಇಲ್ಲದ ಕಾರಣ ನಿಜದಲ್ಲಿ ಅದು ಷರತ್ತಿಲ್ಲದೆ ಪ್ರತಿ ಬಾರಿಯೂ ನಡೆಯುತ್ತಿತ್ತು. ಹೀಗಾಗಿ ಸರ್ವರಿನ ಸಹಿಯನ್ನು ಪರಿಶೀಲಿಸುವ ಮುಂದಿನ ಹಂತವೇ ಬಿಟ್ಟುಹೋಗುತ್ತಿತ್ತು. ಅದರ ಮುಂದಿನ ಸಾಲುಗಳನ್ನು ಎಂದೂ ತಲುಪಲಾಗದು ಎಂಬ ಎಚ್ಚರಿಕೆಯನ್ನು ಕೊಡಬಲ್ಲ ಕಂಪೈಲರುಗಳು ಆಗಲೇ ಇದ್ದವು. ನಿಮ್ಮ ಯೋಜನೆಯಲ್ಲಿ ಎಚ್ಚರಿಕೆಗಳನ್ನೆಲ್ಲ ತೆರೆದಿಡಿ, ಬಿಲ್ಡ್ ಮಾಡಿದಾಗ ಇನ್ನೂರು ಎಚ್ಚರಿಕೆಗಳು ಹರಿದುಹೋಗುವುದನ್ನು ಸಹಜವೆಂದು ಒಪ್ಪಿಕೊಳ್ಳಬೇಡಿ. ಇನ್ನೂರರಲ್ಲಿ ಮುಖ್ಯವಾದ ಒಂದನ್ನು ಯಾರೂ ನೋಡುವುದಿಲ್ಲ.

ಟೆಸ್ಟ್ ಮೊದಲೋ ಕೋಡ್ ಮೊದಲೋ ಎಂಬುದರಲ್ಲಿ ನಾನು ನಿಮ್ಮ ಹಿರಿಯರಷ್ಟು ಕಟ್ಟುನಿಟ್ಟಲ್ಲ. ಏನು ಕಟ್ಟಬೇಕೆಂಬುದೇ ಇನ್ನೂ ಸ್ಪಷ್ಟವಿಲ್ಲದಾಗ ಮೊದಲು ಟೆಸ್ಟ್ ಬರೆದರೆ ಎರಡನ್ನೂ ಎರಡೆರಡು ಬಾರಿ ಬರೆಯಬೇಕಾಗುತ್ತದೆ. ಆದರೆ ಒಂದು ಕಡೆ ಅವರ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತೇನೆ. ಬಗ್ ಸಿಕ್ಕಾಗ ಅದನ್ನು ಸರಿಪಡಿಸುವ ಮೊದಲು, ಆ ಬಗ್ ಇರುವವರೆಗೂ ವಿಫಲವಾಗುವ ಒಂದು ಟೆಸ್ಟ್ ಬರೆಯುತ್ತೇನೆ, ಅದು ವಿಫಲವಾಗುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಕೋಡಿಗೆ ಕೈಹಾಕುತ್ತೇನೆ. ಹಾಲಿನ ಸಂಘದ ಪ್ರಸಂಗದ ನಂತರ, ಬರಬಹುದಾದ ಅತಿ ದೊಡ್ಡ ಅಳತೆ ಮತ್ತು ಅತಿ ದೊಡ್ಡ ಮೊತ್ತವನ್ನು ತುಂಬಿ ಸಂದೇಶ ರಚಿಸಿ, ಅದು 70 ಸಂಕೇತ ಮೀರಿದರೆ ವಿಫಲವಾಗುವ ಟೆಸ್ಟ್ ಸೇರಿಸಿದೆವು. ಕಮಿಟ್ ಸಂದೇಶವನ್ನು ಹುಡುಕಿ ಓದಬೇಕು, ಟೆಸ್ಟ್ ತಾನಾಗಿಯೇ ತಡೆದು ನಿಲ್ಲಿಸುತ್ತದೆ. ಅದರ ಹೆಸರಿನಲ್ಲಿಯೇ ಕಾರಣ ಇರುವಂತೆ ನೋಡಿಕೊಳ್ಳಿ. ‘ಟೆಸ್ಟ್ 14’ ಎಂಬ ಹೆಸರು ವಿಫಲವಾದ ದಿನ ಯಾರಿಗೂ ಏನನ್ನೂ ಹೇಳುವುದಿಲ್ಲ.

ಪ್ರಿಂಟ್ ಮತ್ತು ಡೀಬಗರ್ ಎರಡನ್ನೂ ನಾನು ದಿನವೂ ಬಳಸುತ್ತೇನೆ. ನನ್ನ ಯಂತ್ರದಲ್ಲಿ ನಡೆಯುವ ಪ್ರೋಗ್ರಾಮನ್ನು ಒಂದು ಸಾಲಿನಲ್ಲಿ ತಡೆದು ಎಲ್ಲ ಮೌಲ್ಯಗಳನ್ನೂ ನೋಡಲು ಡೀಬಗರಿಗಿಂತ ಉತ್ತಮವಾದದ್ದಿಲ್ಲ. ದೂರದ ಸರ್ವರಿನಲ್ಲಿ, ಹತ್ತು ಸಾವಿರಕ್ಕೊಮ್ಮೆ ಬರುವ ದೋಷಕ್ಕೆ ಪ್ರೋಗ್ರಾಮ್ ನಡೆಯುತ್ತಾ ಬರೆದಿಡುವ ಲಾಗ್ ಸಾಲುಗಳೇ ಗತಿ. ಯಾವುದನ್ನು ಬಳಸಿದರೂ, ಏನನ್ನು ನೋಡಬೇಕೆಂದು ತಿಳಿದಿರುವುದು ಹೆಚ್ಚು ಮುಖ್ಯ. ಒಮ್ಮೆ ‘ಗೋಪಾಲ’ ಎಂಬ ಸದಸ್ಯರ ಹೆಸರನ್ನು ಹುಡುಕಿದರೆ ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತಿದ್ದರೂ ಪ್ರೋಗ್ರಾಮ್ ಇಲ್ಲವೆನ್ನುತ್ತಿತ್ತು. ಎರಡೂ ಹೆಸರನ್ನು ಪ್ರಿಂಟ್ ಮಾಡಿದರೆ ಒಂದೇ ತರಹ ಕಾಣುತ್ತಿದ್ದವು. ಉದ್ದವನ್ನು ಪ್ರಿಂಟ್ ಮಾಡಿದಾಗ ಒಂದರದು 5, ಇನ್ನೊಂದರದು 7 ಎಂದು ಬಂತು. ‘ಗೋ’ ಎಂಬ ಅಕ್ಷರವನ್ನು ಗ ಮತ್ತು ಓಕಾರದ ಚಿಹ್ನೆ ಎಂದು ಎರಡು ಸಂಕೇತಗಳಲ್ಲಿ ಬರೆಯಬಹುದು, ಅದೇ ಚಿಹ್ನೆಯನ್ನು ಎತ್ವ (ೆ), ಕೊಂಬಿನ ಇಳಿ (ೂ), ದೀರ್ಘ (ೕ) ಎಂದು ಮೂರಾಗಿ ಬಿಡಿಸಿ ಗ ಸೇರಿ ನಾಲ್ಕು ಸಂಕೇತಗಳಲ್ಲಿಯೂ ಬರೆಯಬಹುದು, ಯುನಿಕೋಡ್ ಎರಡನ್ನೂ ಸಮಾನವೆಂದೇ ಹೇಳುತ್ತದೆ. ಹೋಲಿಸುವ ಮೊದಲು ಎರಡೂ ಪಠ್ಯಗಳನ್ನು ನಾರ್ಮಲೈಸ್ ಮಾಡಿ ಒಂದೇ ರೂಪಕ್ಕೆ ತಂದರೆ ಸಮಸ್ಯೆ ತೀರುತ್ತದೆ. ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವವರೆಲ್ಲರೂ ಒಮ್ಮೆಯಾದರೂ ಇದನ್ನು ಎದುರಿಸುತ್ತಾರೆ. ಇನ್ನೊಂದು ಮಾತು: ದೋಷ ಸಂದೇಶವನ್ನು ಪೂರ್ತಿ ಓದಿ. ಪೈಥಾನ್‌ನಲ್ಲಿ ನಿಜವಾದ ದೋಷ ಕೊನೆಯ ಸಾಲಿನಲ್ಲಿರುತ್ತದೆ, ಜಾವಾದಲ್ಲಿ ಮೂಲ ಕಾರಣ ಹಲವು ಬಾರಿ ಕೆಳಗಿನ ‘ಕಾಸ್ಡ್ ಬೈ’ ಎಂಬಲ್ಲಿ ಅಡಗಿರುತ್ತದೆ. ಮೊದಲ ಸಾಲು ನೋಡಿ ಗಾಬರಿಯಾಗಿ ಹಿರಿಯರ ಬಳಿಗೆ ಓಡುವ ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ.

ಎಡಿಟರ್ ಯಾವುದಾದರೂ ಆಗಬಹುದು. ಬಿಲ್ ಜಾಯ್ 1976ರಲ್ಲಿ ಬರೆದ ವಿಐ, 1991ರಲ್ಲಿ ಬಂದ ವಿಮ್, 2015ರಲ್ಲಿ ಬಂದ ವಿಎಸ್ ಕೋಡ್, ಇವುಗಳಲ್ಲಿ ಯಾವುದರಲ್ಲಿ ಬರೆದರೂ ಆರು ತಿಂಗಳ ನಂತರ ಓದುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಿಮಗೆ ಹಿತವೆನಿಸಿದ್ದನ್ನು ಹಿಡಿದು, ಕೋಡಿನ ಒಂದು ಹೆಸರಿನಿಂದ ಅದರ ವ್ಯಾಖ್ಯಾನಕ್ಕೆ ಜಿಗಿಯುವುದು, ಎಲ್ಲ ಬಳಕೆಗಳನ್ನು ಹುಡುಕುವುದು, ಹೆಸರು ಬದಲಿಸುವುದು, ಇವಿಷ್ಟನ್ನು ಮೌಸ್ ಮುಟ್ಟದೆ ಮಾಡಲು ಕಲಿಯಿರಿ. ವಿಮ್‌ನಲ್ಲಿ ಫೈಲ್ ತೆರೆದು, ತಿದ್ದಿ, ಉಳಿಸಿ, ಹೊರಬರುವಷ್ಟು ಬಂದರೆ ಸಾಕು. ಎಷ್ಟೋ ಸರ್ವರುಗಳಲ್ಲಿ ಸಿಗುವುದು ಅದೊಂದೇ.

ಎಐ ಸಹಾಯಕವನ್ನು ಖಂಡಿತ ಬಳಸಿ, ನಿಮ್ಮ ಕಂಪನಿಯ ನಿಯಮ ಒಪ್ಪಿದರೆ. ನಾನೂ ಬಳಸುತ್ತೇನೆ. ನನ್ನ ಷರತ್ತು ಒಂದೇ: ಪರಿಶೀಲಿಸುವವರು ಈ ಸಾಲು ಏಕೆ ಎಂದು ಕೇಳಿದರೆ ಉತ್ತರಿಸಲಾಗದ ಯಾವ ಸಾಲನ್ನೂ ಕಮಿಟ್ ಮಾಡಬೇಡಿ. 70 ಸಂಕೇತಗಳ ಮಿತಿಯಂತಹ ವಿಷಯ ಕೋಡಿನಲ್ಲಿಯೋ ಟೆಸ್ಟಿನಲ್ಲಿಯೋ ಬರೆದಿಡದಿದ್ದರೆ ಅದಕ್ಕೂ ತಿಳಿಯುವುದಿಲ್ಲ, ಅದು ನಮ್ಮ ಹೊಸ ಸಹೋದ್ಯೋಗಿಯಂತೆಯೇ ‘ಲೀ.’ ಅನ್ನು ತಿದ್ದಿ ಸುಂದರವಾಗಿಸುತ್ತದೆ. ಸಣ್ಣ ಕೆಲಸಕ್ಕೂ ಹೊರಗಿನ ಪ್ಯಾಕೇಜ್ (ಬೇರೆಯವರು ಬರೆದ ಸಿದ್ಧ ಕೋಡ್) ಸೇರಿಸಲು ಅದು ಸೂಚಿಸಿದಾಗಲೂ ಯೋಚಿಸಿ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನಿಂದ ಹಿಂತೆಗೆದುಕೊಂಡಾಗ, ಅದರ ಮೇಲೆ ನಿಂತಿದ್ದ ಅಸಂಖ್ಯ ಯೋಜನೆಗಳ ಬಿಲ್ಡ್ ಒಮ್ಮೆಲೇ ನಿಂತುಹೋಗಿತ್ತು. ಕಮಿಟ್ ಸಂದೇಶವನ್ನು ಯಂತ್ರದಿಂದ ಬರೆಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದು ಏನು ಬದಲಾಯಿತೆಂದು ಚೊಕ್ಕವಾಗಿ ವಿವರಿಸುತ್ತದೆ, ಏಕೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ.

ಕೊನೆಯದಾಗಿ ಕನ್ನಡ ಕಾಮೆಂಟುಗಳ ಪ್ರಶ್ನೆ. ಪೈಥಾನ್ 3ರಲ್ಲಿ ವೇರಿಯಬಲ್‌ಗಳ ಹೆಸರನ್ನೂ ಕನ್ನಡದಲ್ಲಿ ಇಡಬಹುದು, ಭಾಷೆ ಅಡ್ಡಿ ಮಾಡುವುದಿಲ್ಲ. ಆದರೆ ನಾಳೆ ತಂಡಕ್ಕೆ ಸೇರುವವರು ಕನ್ನಡ ಓದದವರಾಗಿರಬಹುದಾದ ಕಡೆ ಇಂಗ್ಲಿಷನ್ನೇ ಬಳಸಿ, ನೀವು ಬರೆದ ಕಾರಣ ಅವರಿಗೂ ತಲುಪಬೇಕು. ತಂಡದ ಎಲ್ಲರೂ ಕನ್ನಡಿಗರಾಗಿದ್ದು, ಕೋಡ್ ಹೊರಗೆ ಹೋಗದಿದ್ದರೆ ಕನ್ನಡದಲ್ಲಿ ಬರೆಯುವುದು ತಪ್ಪಲ್ಲ, ಇಂಗ್ಲಿಷಿನಲ್ಲಿ ಅರ್ಧ ಬರೆದು ಬಿಡುವವರು ಕನ್ನಡದಲ್ಲಿ ಪೂರ್ತಿ ಕಾರಣ ಬರೆಯುವುದನ್ನು ನಾನು ಕಂಡಿದ್ದೇನೆ. ಏನೇ ಇರಲಿ, ನಿಮ್ಮದೇ ಒಂದು ಟಿಪ್ಪಣಿ ಪುಸ್ತಕವನ್ನು ಕನ್ನಡದಲ್ಲಿ ಇಟ್ಟುಕೊಳ್ಳಿ: ಇಂದು ಯಾವ ಬಗ್ ಹುಡುಕಿದೆ, ಏನು ಊಹಿಸಿದೆ, ಯಾವ ಊಹೆ ತಪ್ಪಾಯಿತು, ಕೊನೆಗೆ ಏನು ಸಿಕ್ಕಿತು. ಸಂಜೆ ಕಮಿಟ್ ಸಂದೇಶ ಬರೆಯಲು ಕುಳಿತಾಗ ಆ ಪುಟದಿಂದ ಎರಡು ಮೂರು ಸಾಲು ಎತ್ತಿಕೊಂಡರೆ ಸಂದೇಶ ಸಿದ್ಧವಾಗಿರುತ್ತದೆ. ನಾಳೆ ಕಚೇರಿಗೆ ಹೋದಾಗ ನಿಮ್ಮ ಕಳೆದ ಹತ್ತು ಕಮಿಟ್‌ಗಳ ಸಂದೇಶಗಳನ್ನು ತೆರೆದು ಓದಿ, ಏಕೆ ಎಂಬುದು ಇಲ್ಲದ ಸಂದೇಶಗಳ ಕಾರಣ ನಿಮಗೆ ಇನ್ನೂ ನೆನಪಿದ್ದರೆ, ಮರೆಯುವ ಮೊದಲು ಆಯಾ ಸಾಲಿನ ಪಕ್ಕದಲ್ಲಿ ಕಾಮೆಂಟ್ ಆಗಿ ಬರೆದು ಸೇರಿಸಿ.